ಸೇಲ್ಸ್‌ಫೋರ್ಸ್‌ನಲ್ಲಿ ಕೋಡ್ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಸೇಲ್ಸ್‌ಫೋರ್ಸ್ (ಕಂಪನಿಗಳು ಗ್ರಾಹಕರ, ಮಾರಾಟದ ವಿವರ ಇಟ್ಟುಕೊಳ್ಳುವ ಆನ್‌ಲೈನ್ ಸಾಫ್ಟ್‌ವೇರ್) ಕೆಲಸಕ್ಕೆ ಹೊಸದಾಗಿ ಸೇರಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಮಾನ್ಯತಾದಲ್ಲಿ ಕೂತವರಾಗಲಿ, ಬೆಳ್ಳಂದೂರಿನಲ್ಲಿ ಕೂತವರಾಗಲಿ, ಪೀಣ್ಯದ ಫ್ಯಾಕ್ಟರಿಗೆ ಸಣ್ಣ ಟೀಮ್ ಕಟ್ಟಿಕೊಂಡು ಕೆಲಸ ಮಾಡುವವರಾಗಲಿ, ಎಲ್ಲರೂ ಎಡವುವುದು ಅದೇ ನಾಲ್ಕಾರು ಜಾಗಗಳಲ್ಲಿ. ಆ ಪ್ರಶ್ನೆಗಳನ್ನು ಇಲ್ಲಿ ಉತ್ತರ ಸಮೇತ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಉದ್ದ, ಕೆಲವು ಒಂದೆರಡು ಸಾಲು.

ನನಗೆ ಜಾವಾ ಬರುತ್ತೆ. ಎಪೆಕ್ಸ್ ಕಲಿಯೋದು ಎರಡು ದಿನದ ಕೆಲಸ ಅಂತಾರೆ, ನಿಜವೇ?

ಎಪೆಕ್ಸ್ ಅಂದರೆ ಸೇಲ್ಸ್‌ಫೋರ್ಸ್‌ನದ್ದೇ ಪ್ರೋಗ್ರಾಮಿಂಗ್ ಭಾಷೆ. ಭಾಷೆಯ ಮಟ್ಟಿಗೆ ನಿಜ. ಕ್ಲಾಸ್, ಇಂಟರ್‌ಫೇಸ್, ಲಿಸ್ಟ್, ಮ್ಯಾಪ್ ಎಲ್ಲ ಪರಿಚಿತವೇ. ಬೇರೆ ಇರುವುದು ಆ ಕೋಡ್ ಓಡುವ ಜಾಗ.

ಜಾವಾದಲ್ಲಿ ಸರ್ವರ್ ನಿಮ್ಮದು. ಕೋಡ್ ನಿಧಾನವಾದರೆ ದೊಡ್ಡ ಮಷೀನ್ ತಂದರಾಯಿತು. ಇಲ್ಲಿ ಹಾಗಲ್ಲ. ಮಲ್ಲೇಶ್ವರ, ಬಸವನಗುಡಿಯ ಹಳೇ ವಠಾರಗಳಲ್ಲಿ ಹತ್ತು ಮನೆಗೆ ಒಂದೇ ನಲ್ಲಿ ಇರುತ್ತಿತ್ತಲ್ಲ, ಹಾಗೆ ಇಲ್ಲಿ ಸಾವಿರಾರು ಕಂಪನಿಗಳಿಗೆ ಒಂದೇ ಡೇಟಾಬೇಸ್, ಒಂದೇ ಸರ್ವರ್ ಗುಂಪು. ಒಬ್ಬರೇ ನಲ್ಲಿ ಹಿಡಿದು ನಿಂತರೆ ಉಳಿದವರಿಗೆ ನೀರಿಲ್ಲ. ಅದಕ್ಕೇ ಗವರ್ನರ್ ಲಿಮಿಟ್ ಅನ್ನುವ ಕಟ್ಟುಪಾಡು.

ಬಾಯಿಪಾಠ ಆಗಿರಬೇಕಾದ ಅಂಕಿಗಳು ಇಷ್ಟೇ. ಬಳಕೆದಾರ ಸೇವ್ ಒತ್ತಿದಾಗ ನಡೆಯುವ ಒಂದು ಟ್ರಾನ್ಸಾಕ್ಷನ್‌ನಲ್ಲಿ 100 ಎಸ್‌ಒಕ್ಯೂಎಲ್ ಕ್ವೆರಿ (ಡೇಟಾಬೇಸ್‌ನಿಂದ ಡೇಟಾ ಕೇಳುವುದು), ಅವೆಲ್ಲ ಸೇರಿ 50,000 ಸಾಲು, 150 ಡಿಎಂಎಲ್ (ಡೇಟಾ ಸೇರಿಸುವುದು, ಬದಲಿಸುವುದು, ಅಳಿಸುವುದು), ಆ ಡಿಎಂಎಲ್‌ಗಳಲ್ಲಿ ಒಟ್ಟು 10,000 ರೆಕಾರ್ಡ್, 10 ಸೆಕೆಂಡ್ ಸಿಪಿಯು. ಹಿನ್ನೆಲೆಯಲ್ಲಿ ಓಡುವ ಕೆಲಸಕ್ಕೆ ಸ್ವಲ್ಪ ಧಾರಾಳ: 200 ಕ್ವೆರಿ, 60 ಸೆಕೆಂಡ್ ಸಿಪಿಯು. ಡೇಟಾಬೇಸ್‌ನಲ್ಲಿ ಕಳೆದ ಸಮಯವೂ ಹೊರಗಿನ ಸರ್ವರ್ ಉತ್ತರಕ್ಕೆ ಕಾದ ಸಮಯವೂ ಸಿಪಿಯು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಸಿಪಿಯು ಲಿಮಿಟ್ ದಾಟಿದ ಎರರ್ ಬಂದರೆ ಮೊದಲು ನಿಮ್ಮ ಲೂಪ್‌ಗಳನ್ನೂ ಅದೇ ಆಬ್ಜೆಕ್ಟ್ (ಆರ್ಡರ್, ಕಾಂಟ್ಯಾಕ್ಟ್ ಥರದ ಡೇಟಾ ಟೇಬಲ್) ಮೇಲಿರುವ ಫ್ಲೋಗಳನ್ನೂ (ಕೋಡ್ ಬರೆಯದೆ ಚಿತ್ರದಂತೆ ಜೋಡಿಸುವ ಆಟೊಮೇಷನ್) ನೋಡಿ.

ಕ್ಲಾಯಂಟ್ ದೊಡ್ಡ ಲೈಸೆನ್ಸ್ ತಗೊಂಡಿದ್ದಾರೆ. ಲಿಮಿಟ್ ಹೆಚ್ಚಿಸಿ ಅಂತ ಕೇಳಬಹುದಲ್ಲ?

ದಿನದ ಎಪಿಐ ಕರೆ, ಸ್ಟೋರೇಜ್ ಇಂಥವನ್ನು ದುಡ್ಡು ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಒಂದು ಟ್ರಾನ್ಸಾಕ್ಷನ್‌ಗೆ 100 ಕ್ವೆರಿ ಅನ್ನುವುದನ್ನು ಹೆಚ್ಚಿಸುತ್ತಾರೆ ಅಂತ ನಂಬಿಕೊಂಡು ಡಿಸೈನ್ ಮಾಡಬೇಡಿ.

ನನ್ನ ಟ್ರಿಗರ್ ಸ್ಯಾಂಡ್‌ಬಾಕ್ಸ್‌ನಲ್ಲಿ ಚೆನ್ನಾಗಿ ಓಡಿತ್ತು. ಪ್ರೊಡಕ್ಷನ್‌ನಲ್ಲಿ ಡೇಟಾ ಲೋಡ್ ಮಾಡಿದ ತಕ್ಷಣ ಬಿತ್ತು. ಯಾಕೆ?

ಪ್ರಯೋಗಕ್ಕಿರುವ ಸ್ಯಾಂಡ್‌ಬಾಕ್ಸ್‌ನಲ್ಲಿ ನೀವು ಒಂದು ರೆಕಾರ್ಡ್ ಸೇವ್ ಮಾಡಿ ನೋಡಿದ್ದೀರಿ, ಜನ ನಿಜಕ್ಕೂ ಬಳಸುವ ಪ್ರೊಡಕ್ಷನ್‌ನಲ್ಲಿ ಒಟ್ಟಿಗೆ ನೂರಾರು ಬಂದವು, ಅದಕ್ಕೆ. ಟ್ರಿಗರ್‌ಗೆ (ರೆಕಾರ್ಡ್ ಸೇವ್ ಆದಾಗ ತಾನಾಗಿ ಓಡುವ ಕೋಡ್) ರೆಕಾರ್ಡ್‌ಗಳು 200ರವರೆಗಿನ ಗುಂಪಿನಲ್ಲಿ ಬರುತ್ತವೆ. ಹೊಸಬರ ತೊಂದರೆಗಳಲ್ಲಿ ಬಹುಪಾಲು ಈ ಒಂದು ಸಂಗತಿಗೆ ಬಂದು ನಿಲ್ಲುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪೀಣ್ಯದಲ್ಲಿ ಬೇರಿಂಗ್, ಬುಷ್ ಮಾಡುವ ಒಂದು ಕಂಪನಿ ಅಂದುಕೊಳ್ಳಿ. ಆರ್ಡರ್ ಸೇವ್ ಆದಾಗ ಡೀಲರ್‌ನ ಕ್ರೆಡಿಟ್ ಮಿತಿ ನೋಡಬೇಕು, ಮೀರಿದ್ದರೆ ಆರ್ಡರ್ ಮೇಲೆ ಹೋಲ್ಡ್ ಹಾಕಬೇಕು. ಹೊಸಬರು ಬರೆಯುವುದು ಹೀಗೆ: ಪ್ರತಿ ಆರ್ಡರ್‌ಗೂ ಲೂಪ್ ಒಳಗೆ ಡೀಲರ್ ರೆಕಾರ್ಡ್‌ಗೆ ಒಂದು ಕ್ವೆರಿ, ಕೊನೆಗೆ ಅಲ್ಲೇ ಒಂದು ಅಪ್‌ಡೇಟ್. ಸ್ಕ್ರೀನ್‌ನಲ್ಲಿ ಒಂದು ಆರ್ಡರ್ ಹಾಕಿ ನೋಡಿದರೆ ಒಂದು ಕ್ವೆರಿ, ಒಂದು ಅಪ್‌ಡೇಟ್, ಎಲ್ಲ ಸರಿ. ತಿಂಗಳ ಕೊನೆಯಲ್ಲಿ ಅಕೌಂಟ್ಸ್‌ನವರು 180 ಆರ್ಡರ್‌ಗಳ ಎಕ್ಸೆಲ್ ಲೋಡ್ ಮಾಡುತ್ತಾರೆ. 101ನೇ ಆರ್ಡರ್‌ಗೆ ಬಂದಾಗ 'ಟೂ ಮೆನಿ ಎಸ್‌ಒಕ್ಯೂಎಲ್ ಕ್ವೆರೀಸ್: 101' ಅಂತ ಎರರ್. ಅದಕ್ಕಿಂತ ಮುಂಚಿನ 100 ಆರ್ಡರ್ ಆದರೂ ಉಳಿಯಿತಲ್ಲ ಅಂದುಕೊಂಡರೆ ಅದೂ ಇಲ್ಲ. ಟ್ರಾನ್ಸಾಕ್ಷನ್ ಪೂರ್ತಿ ಹಿಂದಕ್ಕೆ ಹೋಗುತ್ತದೆ.

ಸರಿಯಾದ ಕ್ರಮ ಇದು. ಮೊದಲ ಲೂಪ್‌ನಲ್ಲಿ ಬಂದ ಆರ್ಡರ್‌ಗಳ ಡೀಲರ್ ಐಡಿಗಳನ್ನೆಲ್ಲ ಒಂದು ಸೆಟ್‌ಗೆ ತುಂಬಿ. ಲೂಪ್ ಹೊರಗೆ ಬಂದು ಆ ಸೆಟ್ ಕೊಟ್ಟು ಒಂದೇ ಕ್ವೆರಿಯಲ್ಲಿ ಡೀಲರ್‌ಗಳನ್ನೆಲ್ಲ ತಂದು ಮ್ಯಾಪ್‌ನಲ್ಲಿಡಿ. ಎರಡನೇ ಲೂಪ್‌ನಲ್ಲಿ ಮ್ಯಾಪ್ ನೋಡಿ ಹೋಲ್ಡ್ ಹಾಕಿ. ಆರ್ಡರ್ ಮೇಲಿನ ಫೀಲ್ಡ್ ಬದಲಿಸುವುದಷ್ಟೇ ಇದ್ದರೆ ಬಿಫೋರ್ ಟ್ರಿಗರ್‌ನಲ್ಲೇ (ಸೇವ್‌ಗೆ ಮುಂಚೆ ಓಡುವಂಥದ್ದು) ಮಾಡಿ, ಪ್ರತ್ಯೇಕ ಅಪ್‌ಡೇಟ್ ಬೇಕಾಗುವುದೇ ಇಲ್ಲ. 180 ಕ್ವೆರಿ ಒಂದಕ್ಕಿಳಿಯಿತು, 180 ಅಪ್‌ಡೇಟ್ ಸೊನ್ನೆ ಆಯಿತು. ಒಂದು ವಿಷಯ ಮಾತ್ರ ಮರೆಯಬೇಡಿ: ಒಂದೇ ಡೀಲರ್‌ನ ಐದು ಆರ್ಡರ್ ಅದೇ ಗುಂಪಿನಲ್ಲಿ ಬಂದಿರಬಹುದು. ಪ್ರತಿ ಆರ್ಡರ್ ಮಿತಿಯೊಳಗೇ ಇದ್ದು ಐದೂ ಸೇರಿ ಮೀರಿದರೆ? ಮ್ಯಾಪ್‌ನಲ್ಲಿ ಉಳಿದ ಮಿತಿಯನ್ನು ಕಳೆಯುತ್ತಾ ಹೋಗಬೇಕು. ಬಲ್ಕ್ ಅಂದರೆ ಬರೀ ಲಿಮಿಟ್ ಉಳಿಸುವುದಲ್ಲ, ಲೆಕ್ಕವೇ ಬೇರೆಯಾಗುತ್ತದೆ.

ಇನ್ನೊಂದು ಬಲೆ ಇದರ ಪಕ್ಕದಲ್ಲೇ ಇದೆ. ಟ್ರಿಗರ್ ತನ್ನನ್ನು ತಾನೇ ಮತ್ತೆ ಮತ್ತೆ ಕರೆಯದಿರಲಿ ಅಂತ ಅನೇಕರು 'ಮೊದಲ ಸಲವೇ' ಅನ್ನುವ ಒಂದು ಸ್ಟ್ಯಾಟಿಕ್ ಬೂಲಿಯನ್ ಇಡುತ್ತಾರೆ. ಈಗ ನಿಮ್ಮದೇ ಎಪೆಕ್ಸ್ ಕೋಡ್ 1,000 ರೆಕಾರ್ಡ್ ಅಪ್‌ಡೇಟ್ ಮಾಡಿತು ಅನ್ನಿ. ಅದೇ ಟ್ರಾನ್ಸಾಕ್ಷನ್‌ನಲ್ಲಿ ಟ್ರಿಗರ್ 200ರಂತೆ ಐದು ಸಲ ಓಡುತ್ತದೆ. ಮೊದಲ 200 ಆದಮೇಲೆ ಬೂಲಿಯನ್ ಸುಳ್ಳಾಗಿರುತ್ತದೆ, ಉಳಿದ 800 ರೆಕಾರ್ಡ್‌ಗೆ ನಿಮ್ಮ ಲಾಜಿಕ್ ಓಡುವುದೇ ಇಲ್ಲ. ಎರರ್ ಕೂಡ ಬರುವುದಿಲ್ಲ. ಆರು ತಿಂಗಳಾದ ಮೇಲೆ ಯಾರೋ ರಿಪೋರ್ಟ್ ತೆಗೆದು 'ಇವು ಯಾಕೆ ಖಾಲಿ?' ಅಂತ ಕೇಳುತ್ತಾರೆ. ಬೂಲಿಯನ್ ಬದಲು ಮುಗಿದ ರೆಕಾರ್ಡ್‌ಗಳ ಐಡಿಗಳನ್ನು ಸೆಟ್‌ನಲ್ಲಿಡಿ. ಅದಕ್ಕಿಂತ ಒಳ್ಳೆಯದು, ಫೀಲ್ಡ್‌ನ ಹಳೇ ಮೌಲ್ಯ ಹೊಸ ಮೌಲ್ಯ ಹೋಲಿಸಿ ನಿಜಕ್ಕೂ ಬದಲಾಗಿದ್ದರೆ ಮಾತ್ರ ಕೆಲಸ ಮಾಡಿ.

ಒಂದು ಆಬ್ಜೆಕ್ಟ್‌ಗೆ ಎಷ್ಟು ಟ್ರಿಗರ್ ಇರಬಹುದು?

ಎಷ್ಟಾದರೂ ಇಡಬಹುದು, ಆದರೆ ಇಡಬೇಕಾದ್ದು ಒಂದೇ. ಎರಡಿದ್ದರೆ ಯಾವುದು ಮೊದಲು ಓಡುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. ಟ್ರಿಗರ್ ಫೈಲ್‌ನಲ್ಲಿ ಲಾಜಿಕ್ ಬರೆಯದೆ ಹ್ಯಾಂಡ್ಲರ್ ಕ್ಲಾಸ್ ಕರೆದುಬಿಡಿ. ಫ್ರೇಮ್‌ವರ್ಕ್ ಯಾವುದು ಅಂತ ಮೀಟಿಂಗ್ ಮೇಲೆ ಮೀಟಿಂಗ್ ಮಾಡುವವರಿದ್ದಾರೆ. ಟೀಮ್‌ನವರೆಲ್ಲ ಅದೊಂದನ್ನೇ ಬಳಸುವಂತಿದ್ದರೆ ಯಾವುದಾದರೂ ನಡೆದೀತು.

ಫ್ಲೋನಾ, ಕೋಡಾ?

ಎರಡಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಫಾರ್ಮುಲಾ ಫೀಲ್ಡ್, ವ್ಯಾಲಿಡೇಷನ್ ರೂಲ್, ರೋಲ್‌ಅಪ್ ಸಮ್ಮರಿ ಇಷ್ಟರಲ್ಲಿ ಮುಗಿಯುತ್ತದೆಯೇ? ಮುಗಿದರೆ ಅಲ್ಲಿಗೆ ನಿಲ್ಲಿಸಿ. ನೀವು ಬರೆಯದ ಕೋಡ್‌ಗೆ ಟೆಸ್ಟ್ ಬೇಡ, ರಿವ್ಯೂ ಬೇಡ, ನೀವು ಕಂಪನಿ ಬಿಟ್ಟ ಮೇಲೆ ಇನ್ನೊಬ್ಬರು ಅದನ್ನು ಓದಿ ತಲೆ ಚಚ್ಚಿಕೊಳ್ಳುವುದೂ ಬೇಡ.

ಅದರಾಚೆಗೆ ನನ್ನ ನಿಲುವು ಇದು. ಅದೇ ರೆಕಾರ್ಡ್‌ನ ಒಂದೆರಡು ಫೀಲ್ಡ್ ತುಂಬುವುದು, ಸರಳ ಇಮೇಲ್, ಅಪ್ರೂವಲ್, ಬಳಕೆದಾರರಿಗೆ ಹಂತ ಹಂತದ ಸ್ಕ್ರೀನ್ ಇವೆಲ್ಲ ಫ್ಲೋನಲ್ಲಿರಲಿ. ಕ್ಲಾಯಂಟ್ ಕಡೆಯ ಅಡ್ಮಿನ್ ಅದನ್ನು ತೆರೆದು ಓದಬಲ್ಲರು, ಒಂದು ಸಾಲಿನ ಬದಲಾವಣೆಗೆ ನಿಮಗೆ ಫೋನ್ ಬರುವುದಿಲ್ಲ. ಐದಾರು ಆಬ್ಜೆಕ್ಟ್ ಮುಟ್ಟುವ ಲೆಕ್ಕಾಚಾರ, ಲೂಪ್ ಒಳಗೆ ಲೂಪ್, ಹೊರಗಿನ ಸಿಸ್ಟಂ ಜೊತೆ ಮಾತುಕತೆ, ಎರರ್ ಆದಾಗ ಒಂದು ಭಾಗ ಮಾತ್ರ ಉಳಿಸಿಕೊಳ್ಳುವುದು ಇವಕ್ಕೆ ಕೋಡ್. ಫ್ಲೋ ಚಿತ್ರ ಝೂಮ್ ಔಟ್ ಮಾಡಿದರೂ ಸ್ಕ್ರೀನ್‌ನಲ್ಲಿ ಹಿಡಿಸುತ್ತಿಲ್ಲ ಅಂದರೆ ಅದು ಕೋಡ್ ಆಗಬೇಕಿತ್ತು.

'ಫ್ಲೋ ತಾನೇ, ಲಿಮಿಟ್ ಚಿಂತೆ ಇಲ್ಲ' ಅನ್ನುವುದು ತಪ್ಪು. ಲೂಪ್ ಒಳಗೆ ಗೆಟ್ ರೆಕಾರ್ಡ್ಸ್ ಇಟ್ಟರೆ ಅದೇ 100 ಕ್ವೆರಿಯ ಲೆಕ್ಕಕ್ಕೆ ಸೇರುತ್ತದೆ. ಇನ್ನು ವರ್ಕ್‌ಫ್ಲೋ ರೂಲ್, ಪ್ರೊಸೆಸ್ ಬಿಲ್ಡರ್‌ಗಳಿಗೆ 2025ರ ಡಿಸೆಂಬರ್ 31ಕ್ಕೆ ಸಪೋರ್ಟ್ ಮುಗಿದಿದೆ. ಹಳೆಯವು ಓಡುತ್ತಿರುವುದು ಕಂಡರೆ ಫ್ಲೋಗೆ ಬದಲಿಸುವ ಕೆಲಸವನ್ನು ಎಸ್ಟಿಮೇಟ್‌ನಲ್ಲಿ ಸೇರಿಸಿ. ಬಿಟ್ಟಿಯಾಗಿ ಮಾಡಿಕೊಡುವ ಕೆಲಸ ಅಲ್ಲ ಅದು.

75 ಪರ್ಸೆಂಟ್ ಕವರೇಜ್ ಬಂದಿದೆ. ಸಾಕಲ್ಲ?

ಕವರೇಜ್ ಅಂದರೆ ಟೆಸ್ಟ್‌ಗಳು ನಿಮ್ಮ ಕೋಡ್‌ನ ಎಷ್ಟು ಸಾಲು ಓಡಿಸಿದವು ಅನ್ನುವ ಲೆಕ್ಕ. ಪ್ರೊಡಕ್ಷನ್‌ಗೆ ಬಾಗಿಲು ತೆರೆಯಲು ಸಾಕು. ಕೋಡ್ ಸರಿ ಇದೆ ಅನ್ನಲು ಸಾಲದು. ಅಸರ್ಟ್ (ಫಲಿತಾಂಶ ಸರಿಯೇ ಅಂತ ನೋಡುವ ಸಾಲು) ಒಂದೂ ಇಲ್ಲದೆ ಎಲ್ಲ ಮೆಥಡ್ ಕರೆದು 95 ಪರ್ಸೆಂಟ್ ತೋರಿಸುವ ಟೆಸ್ಟ್ ಕ್ಲಾಸ್‌ಗಳು ಈ ಊರಿನ ಅರ್ಧ ಆರ್ಗ್‌ಗಳಲ್ಲಿ (ಒಂದೊಂದು ಕಂಪನಿಯ ಸೇಲ್ಸ್‌ಫೋರ್ಸ್ ಜಾಗ) ಸಿಗುತ್ತವೆ. ಅವು ಕೋಡ್ ಓಡಿತು ಅನ್ನುವುದಷ್ಟನ್ನೇ ಹೇಳುತ್ತವೆ.

ಟೆಸ್ಟ್ ಬರೆಯುವಾಗ ಆರ್ಗ್‌ನಲ್ಲಿರುವ ಡೇಟಾ ನೆಚ್ಚಬೇಡಿ, ಬೇಕಾದ್ದನ್ನು ಟೆಸ್ಟ್ ಒಳಗೇ ಸೃಷ್ಟಿಸಿ. ಮೇಲಿನ ಕ್ರೆಡಿಟ್ ಮಿತಿಯ ಉದಾಹರಣೆಗೆ ನಾನಾದರೆ ನಾಲ್ಕು ಟೆಸ್ಟ್ ಬರೆಯುತ್ತೇನೆ: ಮಿತಿಯೊಳಗಿನ ಒಂದು ಆರ್ಡರ್, ಮೀರಿದ ಒಂದು ಆರ್ಡರ್, ಬೇರೆ ಬೇರೆ ಡೀಲರ್‌ಗಳ 200 ಆರ್ಡರ್, ಒಬ್ಬನೇ ಡೀಲರ್‌ನ 200 ಆರ್ಡರ್. ಐದನೆಯದು ಬೇಕಿದ್ದರೆ ಸಾಮಾನ್ಯ ಸೇಲ್ಸ್ ಬಳಕೆದಾರನಾಗಿ ರನ್‌ಆ್ಯಸ್ ಹಾಕಿ ಓಡಿಸುವುದು. ಇಷ್ಟು ಬರೆದರೆ ಕವರೇಜ್ ತಾನಾಗಿಯೇ 75 ದಾಟುತ್ತದೆ.

ರೆಕಾರ್ಡ್ ಟೈಪ್ ಐಡಿ ಹಾರ್ಡ್‌ಕೋಡ್ ಮಾಡಬಾರದು ಅಂತಾರೆ. ಏನಾಗುತ್ತೆ ಮಹಾ?

ಡೆವಲಪರ್ ಸ್ಯಾಂಡ್‌ಬಾಕ್ಸ್‌ನಲ್ಲಿ ಹೊಸದಾಗಿ ಮಾಡಿದ ರೆಕಾರ್ಡ್ ಟೈಪ್ (ಒಂದೇ ಆಬ್ಜೆಕ್ಟ್‌ನ ಬೇರೆ ಬೇರೆ ಬಗೆ) ಪ್ರೊಡಕ್ಷನ್‌ಗೆ ಹೋದಾಗ ಬೇರೆ ಐಡಿ ಪಡೆಯುತ್ತದೆ. ನಿಮ್ಮ ಇಫ್ ಕಂಡಿಷನ್ ಅಲ್ಲಿ ಯಾವತ್ತೂ ನಿಜವಾಗುವುದಿಲ್ಲ. ರೆಕಾರ್ಡ್ ಟೈಪ್‌ನ ಡೆವಲಪರ್ ನೇಮ್ (ಅದರ ಎಪಿಐ ಹೆಸರು) ಇಟ್ಟು ಹುಡುಕಿ. ತೆರಿಗೆ ದರ, ಮಿತಿ, ಹೊರಗಿನ ವಿಳಾಸ ಇಂಥವನ್ನು ಕಸ್ಟಮ್ ಮೆಟಾಡೇಟಾದಲ್ಲಿಡಿ, ಕೋಡ್ ಜೊತೆಗೇ ಡಿಪ್ಲಾಯ್ ಆಗುತ್ತದೆ.

ಐಡಿ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಒಂದೇ ಐಡಿಗೆ 15 ಅಕ್ಷರದ ರೂಪವೂ ಇದೆ, 18 ಅಕ್ಷರದ ರೂಪವೂ ಇದೆ. 15ರದ್ದರಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಆದರೆ ಎಕ್ಸೆಲ್‌ನ ವಿಲುಕಪ್‌ಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ರಿಪೋರ್ಟ್‌ನಿಂದ 15ರ ಐಡಿ ತೆಗೆದು ವಿಲುಕಪ್ ಹಾಕಿ ಡೇಟಾ ಜೋಡಿಸಿದರೆ ಒಬ್ಬ ಗ್ರಾಹಕರ ಬಾಕಿ ಇನ್ನೊಬ್ಬರ ಹೆಸರಿಗೆ ಹೋಗಿ ಕೂರಬಹುದು. ಎಕ್ಸೆಲ್ ಮುಟ್ಟುವ ಯಾವ ಕೆಲಸಕ್ಕೂ 18ರದ್ದನ್ನೇ ಬಳಸಿ.

ನಾನು ಅಡ್ಮಿನ್ ಲಾಗಿನ್‌ನಲ್ಲಿ ನೋಡಿದಾಗ ಎಲ್ಲ ಸರಿ ಇದೆ. ಸೆಕ್ಯುರಿಟಿಯವರು ಯಾಕೆ ರಿಜೆಕ್ಟ್ ಮಾಡಿದರು?

ಅಡ್ಮಿನ್‌ಗೆ ಎಲ್ಲವೂ ಕಾಣುತ್ತದೆ, ಅಡ್ಮಿನ್ ಲಾಗಿನ್‌ನಲ್ಲಿ ನೋಡಿದ್ದನ್ನು ಟೆಸ್ಟ್ ಅನ್ನಲಾಗುವುದಿಲ್ಲ. ಎಪೆಕ್ಸ್ ಮೊದಲಿನಿಂದಲೂ ಸಿಸ್ಟಂ ಮೋಡ್‌ನಲ್ಲಿ ಓಡುವ ಭಾಷೆ. ಸ್ಕ್ರೀನ್‌ನಲ್ಲಿ ಬಳಕೆದಾರನಿಗೆ ಕಾಣದ ಫೀಲ್ಡ್ ಕೋಡ್‌ಗೆ ಕಾಣುತ್ತದೆ, ನಿಮ್ಮ ಲೈಟ್ನಿಂಗ್ ಕಾಂಪೊನೆಂಟ್ ಅದನ್ನು ಬ್ರೌಸರ್‌ಗೆ ಕಳಿಸಿಬಿಡುತ್ತದೆ. ಡೀಲರ್ ಪೋರ್ಟಲ್‌ನಲ್ಲಿ ಕಂಪನಿಯ ಮಾರ್ಜಿನ್ ಫೀಲ್ಡ್ ಸ್ಕ್ರೀನ್ ಮೇಲೆ ಇಲ್ಲದಿದ್ದರೂ ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಎದ್ದು ಕಂಡರೆ ಅದು ಬಯಲಾದಂತೆಯೇ.

ಪ್ರತಿ ಕ್ಲಾಸ್‌ನಲ್ಲೂ ವಿತ್ ಶೇರಿಂಗ್ ಅಥವಾ ವಿದೌಟ್ ಶೇರಿಂಗ್ ಅಂತ ಸ್ಪಷ್ಟವಾಗಿ ಬರೆಯಿರಿ. ವಿದೌಟ್ ಹಾಕಿದರೆ ಯಾಕೆ ಅಂತ ಮೇಲೊಂದು ಕಾಮೆಂಟ್ ಇರಲಿ. ವಿತ್ ಶೇರಿಂಗ್ ನೋಡಿಕೊಳ್ಳುವುದು ಯಾವ ರೆಕಾರ್ಡ್ ಕಾಣಬೇಕು ಅನ್ನುವುದನ್ನು ಮಾತ್ರ. ಯಾವ ಫೀಲ್ಡ್ ಕಾಣಬೇಕು ಅನ್ನುವುದಕ್ಕೆ ಕ್ವೆರಿಯನ್ನು ಯೂಸರ್ ಮೋಡ್‌ನಲ್ಲಿ ಓಡಿಸಬೇಕು. ಬಳಕೆದಾರ ಟೈಪ್ ಮಾಡಿದ್ದನ್ನು ಸ್ಟ್ರಿಂಗ್‌ಗೆ ಅಂಟಿಸಿ ಕ್ವೆರಿ ಕಟ್ಟಬೇಡಿ, ಬೈಂಡ್ ವೇರಿಯಬಲ್ ಬಳಸಿ. ಲಾಗಿನ್ ಇಲ್ಲದ ಗೆಸ್ಟ್ ಬಳಕೆದಾರನಿಗೆ ತೆರೆದ ಕ್ಲಾಸ್‌ಗಳನ್ನು ಎರಡು ಸಲ ಓದಿ.

ಸ್ಯಾಂಡ್‌ಬಾಕ್ಸ್ ವಿಷಯದಲ್ಲೂ ಎಚ್ಚರ ಬೇಕು. ಸ್ಯಾಂಡ್‌ಬಾಕ್ಸ್ ಮಾಡಿದಾಗ ಯೂಸರ್‌ಗಳ ಇಮೇಲ್ ಕೊನೆಗೆ ಇನ್‌ವ್ಯಾಲಿಡ್ ಅಂತ ತಾನೇ ಸೇರಿಕೊಳ್ಳುತ್ತದೆ. ಕಾಂಟ್ಯಾಕ್ಟ್, ಲೀಡ್‌ಗಳ ಇಮೇಲ್ ಹಾಗೇ ಉಳಿಯುತ್ತದೆ. ಹೊಸ ಸ್ಯಾಂಡ್‌ಬಾಕ್ಸ್‌ನಲ್ಲಿ ಹೊರಗೆ ಮೇಲ್ ಹೋಗದಂತೆ ಡೆಲಿವರಬಿಲಿಟಿ ಅನ್ನುವ ಸೆಟ್ಟಿಂಗ್ ಬಿಗಿಯಾಗಿರುತ್ತದೆ. 'ಟೆಸ್ಟ್ ಮೇಲ್ ಬರ್ತಿಲ್ಲ' ಅಂತ ಯಾರೋ ಅದನ್ನು ಪೂರ್ತಿ ತೆರೆದ ಮರುಕ್ಷಣ ನಿಮ್ಮ ಫುಲ್ ಕಾಪಿಯ (ಪ್ರೊಡಕ್ಷನ್ ಡೇಟಾ ಪೂರ್ತಿ ಇರುವ ಸ್ಯಾಂಡ್‌ಬಾಕ್ಸ್) ನಿಜವಾದ ಗ್ರಾಹಕರಿಗೆ 'ಟೆಸ್ಟ್ 123' ಹೋಗುತ್ತದೆ. ಕಾಂಟ್ಯಾಕ್ಟ್‌ಗಳ ಫೋನ್, ಇಮೇಲ್ ಮರೆಮಾಚಿದ ಮೇಲಷ್ಟೇ ಟೀಮ್‌ಗೆ ಲಾಗಿನ್ ಕೊಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕ್ಲಾಯಂಟ್‌ಗಳ ಲೀಗಲ್‌ನವರೂ ಇದನ್ನು ಕೇಳುತ್ತಾರೆ.

ಪೇಮೆಂಟ್ ಗೇಟ್‌ವೇ, ಇ-ಇನ್‌ವಾಯ್ಸ್ ಪೋರ್ಟಲ್ ಜೊತೆ ಜೋಡಿಸಬೇಕು. ಏನೇನು ನೋಡಿಕೊಳ್ಳಬೇಕು?

ಪಾಸ್‌ವರ್ಡ್, ಟೋಕನ್ ಕೋಡ್‌ನಲ್ಲೂ ಬೇಡ, ಕಸ್ಟಮ್ ಸೆಟ್ಟಿಂಗ್‌ನಲ್ಲೂ ಬೇಡ. ನೇಮ್ಡ್ ಕ್ರೆಡೆನ್ಶಿಯಲ್ ಇರುವುದೇ ಅದಕ್ಕೆ.

ಟ್ರಿಗರ್ ಒಳಗಿಂದ ನೇರವಾಗಿ ಹೊರಗಿನ ಸರ್ವರ್ ಕರೆಯಲು ಬಿಡುವುದಿಲ್ಲ. ರೆಕಾರ್ಡ್ ಸೇವ್ ಮಾಡಿ ಅದೇ ಟ್ರಾನ್ಸಾಕ್ಷನ್‌ನಲ್ಲಿ ಕರೆ ಮಾಡಿದರೂ 'ಅನ್‌ಕಮಿಟೆಡ್ ವರ್ಕ್ ಪೆಂಡಿಂಗ್' ಅಂತ ಬೀಳುತ್ತದೆ. ಕ್ಯೂಯೆಬಲ್‌ಗೆ (ಆಮೇಲೆ ಹಿನ್ನೆಲೆಯಲ್ಲಿ ಓಡುವ ಕೋಡ್) ಹಾಕಿ. ಕರೆಯ ಟೈಮ್‌ಔಟ್ ನೀವು ಹೇಳದಿದ್ದರೆ 10 ಸೆಕೆಂಡ್, ಗರಿಷ್ಠ 120.

ನಿಜವಾದ ತಲೆನೋವು ಟೈಮ್‌ಔಟ್ ಆದಮೇಲೆ ಶುರುವಾಗುತ್ತದೆ. ಉತ್ತರ ಬರಲಿಲ್ಲ ಅಂದಮಾತ್ರಕ್ಕೆ ಕೆಲಸ ಆಗಲಿಲ್ಲ ಅಂತ ಅಲ್ಲ. ಆ ಕಡೆ ದುಡ್ಡು ಕಟ್ ಆಗಿ, ಉತ್ತರ ದಾರಿಯಲ್ಲಿ ಕಳೆದುಹೋಗಿರಬಹುದು. ನೀವು ಕಣ್ಮುಚ್ಚಿ ಮತ್ತೆ ಕಳಿಸಿದರೆ ಎರಡು ಸಲ ಕಟ್. ಪ್ರತಿ ವಿನಂತಿಗೂ ನಿಮ್ಮ ಕಡೆಯಿಂದ ಒಂದು ಬದಲಾಗದ ರೆಫರೆನ್ಸ್ ನಂಬರ್ ಕಳಿಸಿ, ಮತ್ತೆ ಕಳಿಸುವ ಮುಂಚೆ ಆ ನಂಬರ್‌ನ ಸ್ಟೇಟಸ್ ಕೇಳಿ. ಹೊರಗಿಂದ ಬರುವ ಡೇಟಾಗೆ ಎಕ್ಸ್‌ಟರ್ನಲ್ ಐಡಿ ಇಟ್ಟು ಅಪ್‌ಸರ್ಟ್ (ಇದ್ದರೆ ಬದಲಿಸುವುದು, ಇಲ್ಲದಿದ್ದರೆ ಸೇರಿಸುವುದು) ಮಾಡಿ, ಎರಡು ಸಲ ಬಂದರೂ ರೆಕಾರ್ಡ್ ಒಂದೇ ಉಳಿಯುತ್ತದೆ. ಇ-ಇನ್‌ವಾಯ್ಸ್ ಪೋರ್ಟಲ್ ಅದೇ ನಂಬರಿನ ಬಿಲ್ ಮತ್ತೆ ಬಂದರೆ ಡೂಪ್ಲಿಕೇಟ್ ಅಂತ ತಿರಸ್ಕರಿಸುತ್ತದೆ. ಆ ತಿರಸ್ಕಾರವನ್ನು ಫೇಲ್ ಅಂತ ಬರೆದುಕೊಳ್ಳದೆ ಮೊದಲು ಸಿಕ್ಕ ಐಆರ್‌ಎನ್ (ಬಿಲ್‌ಗೆ ಸಿಗುವ ಇನ್‌ವಾಯ್ಸ್ ರೆಫರೆನ್ಸ್ ನಂಬರ್) ತಂದು ತುಂಬುವಂತೆ ಬರೆಯಿರಿ.

ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ನಂಬರ್) ಫೀಲ್ಡ್‌ಗೆ ಕನಿಷ್ಠ ಒಂದು ವ್ಯಾಲಿಡೇಷನ್ ಇರಲಿ. 15 ಅಕ್ಷರ, ಮೊದಲೆರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29, ಮುಂದಿನ ಹತ್ತು ಪ್ಯಾನ್. ಬಿಲ್ಲಿಂಗ್ ವಿಳಾಸ ಕರ್ನಾಟಕ ಅಂತಿದ್ದು ನಂಬರ್ 33ರಿಂದ ಶುರುವಾದರೆ ಸೇವ್ ಆಗುವಾಗಲೇ ಹಿಡಿಯಬಹುದು. ತಿಂಗಳ ಕೊನೆಗೆ ಆಡಿಟರ್ ಹಿಡಿಯುವುದಕ್ಕಿಂತ ಅದು ವಾಸಿ.

ನಮ್ಮ ಹೆಸರು, ನಮ್ಮ ದಿನಾಂಕ, ಕನ್ನಡ ಇವಕ್ಕೆಲ್ಲ ಏನಾದರೂ ವಿಶೇಷವಾಗಿ ಮಾಡಬೇಕೇ?

ಮಾಡಬೇಕು. ಈ ಪ್ರಶ್ನೆಯನ್ನು ಡಿಸೈನ್ ಮೀಟಿಂಗ್‌ನಲ್ಲಿ ಯಾರೂ ಕೇಳುವುದಿಲ್ಲ, ಗೋ-ಲೈವ್ ಆದಮೇಲೆ ಎಲ್ಲರೂ ಕೇಳುತ್ತಾರೆ.

ಕಾಂಟ್ಯಾಕ್ಟ್‌ನಲ್ಲಿ ಲಾಸ್ಟ್ ನೇಮ್ ಕಡ್ಡಾಯ. ನಮ್ಮಲ್ಲಿ ಎಷ್ಟೋ ಜನಕ್ಕೆ ಇರುವುದು ಒಂದು ಹೆಸರು, ಒಂದೋ ಎರಡೋ ಇನಿಷಿಯಲ್. ಡೇಟಾ ತುಂಬುವವರು ಹೆಸರನ್ನು ಫಸ್ಟ್ ನೇಮ್‌ನಲ್ಲಿ ಹಾಕಿ ಇನಿಷಿಯಲ್ಲನ್ನು ಲಾಸ್ಟ್ ನೇಮ್‌ಗೆ ತಳ್ಳುತ್ತಾರೆ. ಅಮೆರಿಕದಲ್ಲಿ ಮಾಡಿದ ಇಮೇಲ್ ಟೆಂಪ್ಲೇಟ್ ಲಾಸ್ಟ್ ನೇಮ್ ಎತ್ತಿಕೊಂಡು 'ಡಿಯರ್ ಮಿಸ್ಟರ್ ಎಸ್' ಅಂತ ಕಳಿಸುತ್ತದೆ. ಕೆಲವರು ಚುಕ್ಕಿ ಹಾಕಿ ಮುಗಿಸಿರುತ್ತಾರೆ, ಅವರಿಗೆ 'ಡಿಯರ್ ಮಿಸ್ಟರ್ .' ಹೋಗುತ್ತದೆ. ಕರೆಯುವ ಹೆಸರು ಅಂತ ಪ್ರತ್ಯೇಕ ಫೀಲ್ಡ್ ಇಟ್ಟು ಟೆಂಪ್ಲೇಟ್‌ಗಳೆಲ್ಲ ಅದನ್ನೇ ಓದುವಂತೆ ಮಾಡಿ. ಡೂಪ್ಲಿಕೇಟ್ ರೂಲ್ ಕೂಡ ಲಾಸ್ಟ್ ನೇಮ್ ಮೇಲೆ ನಿಲ್ಲದಿರಲಿ. ಮೊಬೈಲ್ ನಂಬರ್ ಮೇಲೆ ನಿಂತರೆ ಹೆಚ್ಚು ಉಪಯೋಗ.

ದಿನಾಂಕದ ವಿಷಯ ಇನ್ನೂ ಸೂಕ್ಷ್ಮ. ಡೇಟ್‌ಟೈಮ್ ಯುಟಿಸಿಯಲ್ಲಿ ಉಳಿಯುತ್ತದೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಪ್ರಿಲ್ 1ರ ಬೆಳಗಿನ ಜಾವ 5 ಗಂಟೆಗೆ ಯಶವಂತಪುರದ ಎಪಿಎಂಸಿಯಲ್ಲಿ ಲೋಡ್ ಇಳಿಯಿತು, ಮೊಬೈಲ್‌ನಲ್ಲಿ ಎಂಟ್ರಿ ಆಯಿತು. ಯುಟಿಸಿಯಲ್ಲಿ ಅದು ಮಾರ್ಚ್ 31ರ ರಾತ್ರಿ 11:30. ಇಂಟಿಗ್ರೇಷನ್ ಬಳಕೆದಾರನ ಟೈಮ್‌ಝೋನ್ ಯುಟಿಸಿ ಇದ್ದು, ನಿಮ್ಮ ಕೋಡ್ ಡೇಟ್‌ಟೈಮ್‌ನಿಂದ ದಿನಾಂಕ ತೆಗೆದರೆ ಆ ವಹಿವಾಟು ಹಿಂದಿನ ಹಣಕಾಸು ವರ್ಷಕ್ಕೆ ಸೇರುತ್ತದೆ. ದಿನದ ಮೊದಲ ಐದೂವರೆ ಗಂಟೆಯಲ್ಲಿ ನಡೆಯುವ ಎಲ್ಲದಕ್ಕೂ ಇದೇ ಅಪಾಯ. ತರಕಾರಿ, ಹಾಲು, ಹೂವಿನ ವ್ಯಾಪಾರಕ್ಕೆ ಅದೇ ಮುಖ್ಯ ಹೊತ್ತು. ವ್ಯಾಪಾರದ ದಿನಾಂಕ ಅಂತ ಬೇರೆ ಡೇಟ್ ಫೀಲ್ಡ್ ಇಡಿ, ಅದನ್ನು ತುಂಬುವಾಗ ಏಷ್ಯಾ-ಕೋಲ್ಕತಾ ಟೈಮ್‌ಝೋನ್ ಸ್ಪಷ್ಟವಾಗಿ ಹೇಳಿ. ಫಿಸ್ಕಲ್ ವರ್ಷ ಏಪ್ರಿಲ್‌ನಿಂದ ಅಂತ ಸೆಟಪ್‌ನಲ್ಲಿ ಮೊದಲೇ ಬದಲಿಸಿ, ಇಲ್ಲದಿದ್ದರೆ ಕ್ವಾರ್ಟರ್ ರಿಪೋರ್ಟ್ ಎಲ್ಲ ಜನವರಿಯಿಂದ ಎಣಿಸುತ್ತವೆ.

ಕನ್ನಡ ಸೇಲ್ಸ್‌ಫೋರ್ಸ್‌ನಲ್ಲಿ ಪ್ಲಾಟ್‌ಫಾರ್ಮ್-ಓನ್ಲಿ ಭಾಷೆ. ಅಂದರೆ ಅವರ ಬಟನ್‌ಗಳು ಕನ್ನಡದಲ್ಲಿ ಬರುವುದಿಲ್ಲ, ನೀವು ಮಾಡಿದ ಫೀಲ್ಡ್, ಲೇಬಲ್‌ಗಳಿಗೆ ನೀವೇ ಕನ್ನಡ ಕೊಡಬಹುದು. ಅದಕ್ಕೋಸ್ಕರವಾದರೂ ಸ್ಕ್ರೀನ್ ಮೇಲಿನ ಮಾತುಗಳನ್ನು ಕೋಡ್‌ನಲ್ಲಿ ಬರೆಯದೆ ಕಸ್ಟಮ್ ಲೇಬಲ್‌ನಲ್ಲಿಡಿ. ಎಸ್‌ಎಂಎಸ್ ಕನ್ನಡದಲ್ಲಿ ಹೋಗಬೇಕಿದ್ದರೆ ಒಂದು ಮೆಸೇಜ್‌ಗೆ 160 ಅಲ್ಲ, 70 ಎಣಿಕೆ. ಒತ್ತಕ್ಷರ, ಕಾಗುಣಿತ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ: 'ಕೃಷ್ಣ' ನಮಗೆ ಎರಡಕ್ಷರ, ಕಂಪ್ಯೂಟರ್‌ಗೆ ಐದು. ಟೆಂಪ್ಲೇಟ್ ಅನ್ನು ಡಿಎಲ್‌ಟಿಯಲ್ಲಿ (ವಾಣಿಜ್ಯ ಎಸ್‌ಎಂಎಸ್‌ಗಳ ನೋಂದಣಿ ವ್ಯವಸ್ಥೆ) ನೋಂದಾಯಿಸುವ ಮೊದಲೇ ಇದನ್ನು ಎಣಿಸಿಕೊಳ್ಳಿ. ವಿಷುವಲ್‌ಫೋರ್ಸ್ ಪಿಡಿಎಫ್‌ನಲ್ಲಿ ಕನ್ನಡ ಬೇಕು ಅಂದರೆ ಎಸ್ಟಿಮೇಟ್ ಕೊಡುವ ಮುಂಚೆ ಒಂದು ಪುಟ ಮಾಡಿ ಒತ್ತಕ್ಷರ ನೋಡಿ.

ಫ್ಯೂಚರ್, ಕ್ಯೂಯೆಬಲ್, ಬ್ಯಾಚ್ ಯಾವುದು ಯಾವಾಗ?

ಮೂರೂ ಹಿನ್ನೆಲೆಯಲ್ಲಿ ಕೋಡ್ ಓಡಿಸುವ ದಾರಿಗಳು. ಹೊಸ ಕೋಡ್‌ಗೆ ಕ್ಯೂಯೆಬಲ್. ಫ್ಯೂಚರ್ ಹಳೆಯದು, ಅದಕ್ಕೆ ಆಬ್ಜೆಕ್ಟ್ ಕೊಡಲಾಗದು, ಓಡಿತೋ ಇಲ್ಲವೋ ಹಿಂಬಾಲಿಸುವುದೂ ಕಷ್ಟ. ಲಕ್ಷಗಟ್ಟಲೆ ರೆಕಾರ್ಡ್ ಇದ್ದರೆ ಬ್ಯಾಚ್, ಅದು 5 ಕೋಟಿವರೆಗೂ ಎಳೆಯುತ್ತದೆ. ಯಾವುದೇ ಆದರೂ ಫೇಲಾದದ್ದನ್ನು ಒಂದು ಲಾಗ್ ಆಬ್ಜೆಕ್ಟ್‌ನಲ್ಲಿ ಬರೆದಿಡಿ. ಖಾಲಿ ಕ್ಯಾಚ್ ಬ್ಲಾಕ್ ಬರೆಯುವವರ ಪುಲ್ ರಿಕ್ವೆಸ್ಟ್ ವಾಪಸ್ ಕಳಿಸಿ.

ಆಗಾಗ 'ಅನೇಬಲ್ ಟು ಲಾಕ್ ರೋ' ಬರುತ್ತೆ, ಮತ್ತೆ ಓಡಿಸಿದರೆ ಸರಿ ಹೋಗುತ್ತೆ. ಬಿಟ್ಟುಬಿಡಬಹುದಾ?

ಬಿಡಬೇಡಿ. ಕಾಂಟ್ಯಾಕ್ಟ್, ಆರ್ಡರ್ ಇಂಥ ಮಗು ರೆಕಾರ್ಡ್ ಸೇವ್ ಆಗುವಾಗ ಅದರ ಪೇರೆಂಟ್ (ಅದು ಸೇರಿದ ಅಕೌಂಟ್ ಥರದ್ದು) ಕೂಡ ಲಾಕ್ ಆಗಬಹುದು. ಇನ್ನೊಂದು ಕೆಲಸ ಅದೇ ಪೇರೆಂಟ್‌ಗೆ ಸುಮಾರು 10 ಸೆಕೆಂಡ್ ಕಾದು ಕೈಬಿಡುತ್ತದೆ. ನಮ್ಮ ಅಂಗಡಿ ವ್ಯವಹಾರಗಳಲ್ಲಿ ಇದರ ಮೂಲ ಸಾಮಾನ್ಯವಾಗಿ ಒಂದೇ: 'ಕ್ಯಾಶ್ ಕಸ್ಟಮರ್' ಅಂತ ಒಂದು ಅಕೌಂಟ್ ಮಾಡಿ ಕೌಂಟರ್‌ಗೆ ಬಂದವರನ್ನೆಲ್ಲ ಅದರ ಕೆಳಗೆ ಸೇರಿಸುತ್ತಾ ಹೋಗಿರುತ್ತಾರೆ. ಒಂದು ಪೇರೆಂಟ್ ಕೆಳಗೆ 10,000 ದಾಟಬಾರದು ಅನ್ನುವುದು ಸೇಲ್ಸ್‌ಫೋರ್ಸ್‌ನದ್ದೇ ಸಲಹೆ. ಶಾಖೆಗೊಂದು, ತಿಂಗಳಿಗೊಂದು ಅಂತ ಆ ಅಕೌಂಟ್ ಒಡೆಯಿರಿ. ಡೇಟಾ ಲೋಡ್ ಮಾಡುವಾಗ ಫೈಲನ್ನು ಪೇರೆಂಟ್ ಐಡಿ ಪ್ರಕಾರ ಸಾರ್ಟ್ ಮಾಡಿದರೆ ಅರ್ಧ ಜಗಳ ಅಲ್ಲೇ ಕಡಿಮೆಯಾಗುತ್ತದೆ.

ಅಮೆರಿಕದ ಕ್ಲಾಯಂಟ್ ಶುಕ್ರವಾರ ಸಂಜೆಯೇ ಡಿಪ್ಲಾಯ್ ಮಾಡಿ ಅಂತಾರೆ.

ನಿಮ್ಮ ಶುಕ್ರವಾರ ಸಂಜೆ ಅವರಿಗೆ ಶುಕ್ರವಾರ ಬೆಳಗ್ಗೆ. ಕೆಟ್ಟರೆ ಅವರ ಇಡೀ ಕೆಲಸದ ದಿನ ಕೆಡುತ್ತದೆ, ನೀವು ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಫೋನ್ ಹಿಡಿದು ಕೂತಿರುತ್ತೀರಿ. ಈ ಒಂದೇ ಕಾರಣ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಡಿಪ್ಲಾಯ್ ಮುಂಚೆ ವ್ಯಾಲಿಡೇಟ್ ಮಾಡಿಡಿ. ಟೆಸ್ಟ್ ಪಾಸಾಗಿದ್ದರೆ 10 ದಿನದೊಳಗೆ ಕ್ವಿಕ್ ಡಿಪ್ಲಾಯ್ ಮಾಡಬಹುದು, ಆ ಹೊತ್ತಿಗೆ ಟೆಸ್ಟ್ ಮತ್ತೆ ಓಡುವುದಿಲ್ಲ. ಕೋಡ್ ಇರುವ ಮೂಲ ಜಾಗ ಗಿಟ್ ಆಗಿರಲಿ, ಯಾರೋ ಒಬ್ಬರ ಸ್ಯಾಂಡ್‌ಬಾಕ್ಸ್ ಅಲ್ಲ. ಚೇಂಜ್ ಸೆಟ್ ಸಣ್ಣ ಕೆಲಸಕ್ಕೆ ಸಾಕು, ನಾಲ್ಕು ಜನ ಸೇರಿ ಬರೆಯುವ ಕಡೆ ಸಾಲದು. ಡೆವಲಪರ್ ಸ್ಯಾಂಡ್‌ಬಾಕ್ಸ್‌ನಲ್ಲಿ 200 ಎಂಬಿ ಡೇಟಾ ಹಿಡಿಸುತ್ತದೆ, ಫುಲ್ ಕಾಪಿಯನ್ನು 29 ದಿನಕ್ಕೊಮ್ಮೆ ಮಾತ್ರ ರಿಫ್ರೆಶ್ ಮಾಡಬಹುದು. ಹಾಗಾಗಿ ಯುಎಟಿ (ಬಳಕೆದಾರರೇ ಪರೀಕ್ಷಿಸಿ ನೋಡುವುದು) ತಾರೀಕನ್ನು ಆ ರಿಫ್ರೆಶ್ ದಿನ ನೋಡಿಕೊಂಡು ಗೊತ್ತು ಮಾಡಬೇಕು. ಸ್ಪ್ರಿಂಗ್, ಸಮ್ಮರ್, ವಿಂಟರ್ ಅಂತ ವರ್ಷಕ್ಕೆ ಮೂರು ಸಲ ಪ್ಲಾಟ್‌ಫಾರ್ಮೇ ಬದಲಾಗುತ್ತದೆ. ಪ್ರಿವ್ಯೂ ಸ್ಯಾಂಡ್‌ಬಾಕ್ಸ್‌ನಲ್ಲಿ ಟೆಸ್ಟ್‌ಗಳನ್ನೆಲ್ಲ ಒಮ್ಮೆ ಓಡಿಸಿ ನೋಡುವುದನ್ನು ಯಾರದ್ದಾದರೂ ಹೆಸರಿಗೆ ಬರೆದಿಡಿ, 'ಟೀಮ್ ನೋಡಿಕೊಳ್ಳುತ್ತೆ' ಅಂದರೆ ಯಾರೂ ನೋಡುವುದಿಲ್ಲ.

ಎಐ ಕೊಟ್ಟ ಕೋಡ್ ಹಾಕಬಹುದಾ?

ಓದಿ ಅರ್ಥ ಮಾಡಿಕೊಂಡರೆ ಹಾಕಿ. ಎಪೆಕ್ಸ್‌ನಲ್ಲಿ ಇಲ್ಲದ ಜಾವಾ ಮೆಥಡ್‌ಗಳನ್ನು ಅದು ಇದೆ ಅನ್ನುವಷ್ಟು ಧೈರ್ಯದಿಂದ ಬರೆಯುತ್ತದೆ. ಅದು ಕಂಪೈಲ್‌ನಲ್ಲೇ ಸಿಕ್ಕಿಬೀಳುತ್ತದೆ, ತೊಂದರೆ ಇಲ್ಲ. ಸಿಕ್ಕಿಬೀಳದ್ದು ಮೇಲೆ ಹೇಳಿದ ಸ್ಟ್ಯಾಟಿಕ್ ಬೂಲಿಯನ್ ಥರದ್ದು. ಗ್ರಾಹಕರ ಡೇಟಾ ಇರುವ ಡೀಬಗ್ ಲಾಗ್ ಅನ್ನು ಹೊರಗಿನ ಚಾಟ್‌ಗೆ ಅಂಟಿಸಬೇಡಿ.

ಸರ್ಟಿಫಿಕೇಟ್ ಮಾಡಿದರೆ ಕೆಲಸ ಸಿಗುತ್ತಾ?

ಇಂಟರ್‌ವ್ಯೂ ಸಿಗುತ್ತದೆ. ಪ್ಲಾಟ್‌ಫಾರ್ಮ್ ಡೆವಲಪರ್ ಪರೀಕ್ಷೆಗಿಂತ ಮುಂಚೆ ಅಡ್ಮಿನ್ ಪಾಠ ಓದಿ, ಪರೀಕ್ಷೆ ಬರೆಯದಿದ್ದರೂ ಸರಿ. ಟ್ರೈಲ್‌ಹೆಡ್ (ಸೇಲ್ಸ್‌ಫೋರ್ಸ್‌ನ ಕಲಿಕೆಯ ತಾಣ) ಪುಕ್ಕಟೆ, ಡೆವಲಪರ್ ಎಡಿಷನ್ ಆರ್ಗ್ ಪುಕ್ಕಟೆ. ಪ್ರಶ್ನೆಪತ್ರಿಕೆ ಡಂಪ್ ಮಾರುವವರಿಗೆ ದುಡ್ಡು ಕೊಡಬೇಡಿ. ಇಂಟರ್‌ವ್ಯೂನಲ್ಲಿ 200 ರೆಕಾರ್ಡ್‌ನ ಪ್ರಶ್ನೆ ಕೇಳಿದ ಕೂಡಲೇ ಡಂಪ್ ಓದಿದವರು ಯಾರು ಅಂತ ಗೊತ್ತಾಗುತ್ತದೆ.

ಹತ್ತು ವರ್ಷದ ಹಳೇ ಆರ್ಗ್ ಕೈಗೆ ಬಂದಿದೆ. ಬರೆದವರು ಯಾರೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಹೊಸದಾಗಿ ಬರೆದುಬಿಡೋಣ ಅನ್ನುವ ಆಸೆ ಮೊದಲ ವಾರ ಬರುತ್ತದೆ. ಅದನ್ನು ತಡೆದುಕೊಳ್ಳಿ. ಮೊದಲು ಎಲ್ಲ ಮೆಟಾಡೇಟಾ ಎಳೆದು ಗಿಟ್‌ಗೆ ಹಾಕಿ, ಅವತ್ತಿನ ಸ್ಥಿತಿ ಅಂತ ಒಂದು ಗುರುತು ಇರಲಿ. ಎಲ್ಲ ಟೆಸ್ಟ್ ಓಡಿಸಿ, ಫೇಲಾದವನ್ನು ಪಟ್ಟಿ ಮಾಡಿ. ಸೆಟಪ್ ಆಡಿಟ್ ಟ್ರೈಲ್ ಇಳಿಸಿಕೊಳ್ಳಿ, ಹಿಂದಿನ 180 ದಿನದಲ್ಲಿ ಯಾರು ಏನು ಬದಲಿಸಿದರು ಅನ್ನುವುದು ಅಲ್ಲಿ ಸಿಗುತ್ತದೆ, ಅದಕ್ಕಿಂತ ಹಳೆಯದು ಸಿಗುವುದಿಲ್ಲ. ಕೋಡ್ ಅನಲೈಸರ್ ಓಡಿಸಿದರೆ ಲೂಪ್ ಒಳಗಿನ ಕ್ವೆರಿಗಳು ಹೊರಬೀಳುತ್ತವೆ.

ಆಮೇಲೆ ಕಂಪ್ಯೂಟರ್ ಬಿಟ್ಟು ಬಳಕೆದಾರರ ಪಕ್ಕ ಅರ್ಧ ದಿನ ಕೂತುಕೊಳ್ಳಿ. ಸ್ಕ್ರೀನ್‌ನಲ್ಲಿ ಅರುವತ್ತು ಫೀಲ್ಡ್ ಇದ್ದರೂ ಅವರು ತುಂಬುವುದು ಒಂಬತ್ತೋ ಹತ್ತೋ ಇರಬಹುದು. ಉಳಿದವಕ್ಕೆ ಬರೆದ ಟ್ರಿಗರ್‌ಗಳು ಯಾರಿಗೂ ಬೇಡದೆ ಓಡುತ್ತಿರುತ್ತವೆ. ಫೀಲ್ಡ್ ತೆಗೆಯುವ ಮುಂಚೆ 'ವೇರ್ ಈಸ್ ದಿಸ್ ಯೂಸ್ಡ್' ಒತ್ತಿ ನೋಡಿ, ಮೊದಲು ಪೇಜ್ ಲೇಔಟ್‌ನಿಂದ ಮಾತ್ರ ತೆಗೆಯಿರಿ. ಒಂದು ತಿಂಗಳ ಕ್ಲೋಸಿಂಗ್ ಮುಗಿಯುವವರೆಗೂ ಯಾರೂ ಫೋನ್ ಮಾಡದಿದ್ದರೆ ಡಿಲೀಟ್ ಮಾಡಿ.